ಗಾಯ ಒಣಗಿದೆ ಎಂದು ನಾನೇ ಹೇಳಿದ್ದೆ

ಅಕ್ಕನಿಗೆ ಸ್ತನ ಕ್ಯಾನ್ಸರ್ ಇದೆಯೆಂದು ತಿಳಿದ ದಿನದಿಂದ ನಮ್ಮ ಭಯವೆಲ್ಲ ಗಡ್ಡೆಯ ಸುತ್ತಲೇ ಸುತ್ತುತ್ತಿತ್ತು. ಅದನ್ನು ತೆಗೆದ ಗಾಯವೇ ಅವಳ ಪ್ರಾಣಕ್ಕೆ ಕುತ್ತು ತರಬಹುದೆಂದು ಮನೆಯಲ್ಲಿ ಯಾರೂ ಎಣಿಸಿರಲಿಲ್ಲ. ಕ್ಯಾನ್ಸರ್ ರೋಗಿಯ ಆರೈಕೆಗೆ ನಿಂತಿರುವ ಯಾರಿಗೂ ನನ್ನಿಂದಾದ ತಪ್ಪು ಆಗದಿರಲಿ ಎಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಶಸ್ತ್ರಚಿಕಿತ್ಸೆಯ ನಂತರ ಅವಳು ಕಂಕುಳ ಬಳಿ ಡ್ರೈನ್ ನಳಿಕೆಯೊಂದಿಗೇ ಮನೆಗೆ ಬಂದಳು. ನಳಿಕೆಯಿಂದ ಬರುವ ದ್ರವ ಮೊದಲು ಕೆಂಪಗಿದ್ದು, ದಿನಕಳೆದಂತೆ ತಿಳಿ ಹಳದಿಗೆ ತಿರುಗುವುದು ಸಹಜ, ಹಾಗೆಯೇ ಆಯಿತು. ಆದರೆ ಒಂಬತ್ತನೆಯ ದಿನ ಆ ದ್ರವ ಕದಡಿದಂತಾಗಿ, ಹೊಲಿಗೆಯ ಒಂದು ಬದಿ ಕೆಂಪೇರಿ, ಮುಟ್ಟಿದರೆ ಬಿಸಿಯಾಗಿತ್ತು. ಫೋನ್ ಮಾಡಿದಾಗ ವೈದ್ಯರು ಗಾಯವನ್ನು ನೋಡದೆಯೇ ಅಮಾಕ್ಸಿಸಿಲಿನ್‌–ಕ್ಲಾವುಲನೇಟ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ಹೇಳಿದರು. ಕೆಂಪು ತಗ್ಗಿದಂತೆ ಕಂಡು ಮತ್ತೆ ಬಂದಾಗ ಸೆಫಿಕ್ಸಿಮ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್ ಕೊಟ್ಟರು. ಎರಡು ಸಲವೂ ಗಾಯದಿಂದ ಮಾದರಿ ತೆಗೆದು, ಯಾವ ಬ್ಯಾಕ್ಟೀರಿಯಾ ಇದೆಯೆಂದು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳುಹಿಸಲಿಲ್ಲ. ಕಳುಹಿಸಿ ಎಂದು ಕೇಳಬೇಕೆಂಬುದು ನನಗೂ ತಿಳಿದಿರಲಿಲ್ಲ. ಡ್ರೆಸ್ಸಿಂಗ್ ಬಟ್ಟೆಯ ಮೇಲೆ ತುಸು ಹಸಿರು ಛಾಯೆ ಕಂಡದ್ದನ್ನು ಮುಲಾಮಿನ ಕಲೆಯೆಂದು ತಿಳಿದು ಎಸೆದುಬಿಟ್ಟೆ.

ಅವಳಿಗೆ ಜ್ವರ ಬಾರದಿದ್ದದ್ದೇ ನಮ್ಮ ಧೈರ್ಯವಾಗಿತ್ತು. ನೋವಿಗೆಂದು ದಿನಕ್ಕೆ ನಾಲ್ಕು ಬಾರಿ ಕೊಡುತ್ತಿದ್ದ ಪ್ಯಾರಾಸಿಟಮಾಲ್ ಜ್ವರವನ್ನೂ ಅಡಗಿಸಿಡುತ್ತದೆ ಎಂಬುದು ಆಗ ಹೊಳೆಯಲೇ ಇಲ್ಲ. ಐದನೆಯ ವಾರ ಕೀಮೋ ಆರಂಭಿಸುವ ಮುನ್ನ ಗಾಯ ಹೇಗಿದೆ ಎಂದು ವೈದ್ಯರು ಕೇಳಿದರು. ಮೇಲ್ಗಡೆ ಚರ್ಮ ಕೂಡಿತ್ತು, ಒಳಗೊಂದು ಗಟ್ಟಿ ಊತ ಉಳಿದಿತ್ತು. ಅದನ್ನು ಹೇಳಿದರೆ ಕೀಮೋ ಮುಂದೆ ಹೋಗುತ್ತದೆ, ಅಷ್ಟರಲ್ಲಿ ಕ್ಯಾನ್ಸರ್ ಹರಡಿಬಿಟ್ಟರೆ ಎಂಬ ದಿಗಿಲಿನಿಂದ, ಅಕ್ಕ ಬಾಯಿ ತೆರೆಯುವ ಮೊದಲೇ ನಾನು "ಗಾಯ ಒಣಗಿದೆ ಡಾಕ್ಟ್ರೇ" ಎಂದುಬಿಟ್ಟೆ.

ಕೀಮೋ ಕೊಟ್ಟ ಏಳರಿಂದ ಹದಿನಾಲ್ಕು ದಿನಗಳ ನಡುವೆ, ಬ್ಯಾಕ್ಟೀರಿಯಾದೊಡನೆ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಸಾಮಾನ್ಯವಾಗಿ ತೀರ ಕೆಳಮಟ್ಟಕ್ಕೆ ಇಳಿಯುತ್ತವೆ. ಒಂಬತ್ತನೆಯ ರಾತ್ರಿ ಅಕ್ಕ ಚಳಿಯಿಂದ ನಡುಗಿದಳು. ತುರ್ತು ವಿಭಾಗದಲ್ಲಿ ಜ್ವರ 39 ಡಿಗ್ರಿ ಸೆಲ್ಸಿಯಸ್ ಇತ್ತು, ನ್ಯೂಟ್ರೋಫಿಲ್ ಸಂಖ್ಯೆ ಒಂದು ಮೈಕ್ರೋಲೀಟರ್ ರಕ್ತಕ್ಕೆ 500ಕ್ಕಿಂತ ಕಡಿಮೆಯಾಗಿತ್ತು. ಗಾಯದಲ್ಲಿ ಕೀವು ಕಾಣಲಿಲ್ಲ. ಕೀವಿನ ಬಹುಪಾಲು ಈ ಕಣಗಳಿಂದಲೇ ಆಗುವುದರಿಂದ, ಅವು ಇಲ್ಲದ ದೇಹದಲ್ಲಿ ಸೋಂಕು ಕೀವಿಲ್ಲದೆಯೂ ಆಳಕ್ಕೆ ಇಳಿಯಬಲ್ಲದು. ಅಲ್ಲಿನ ವೈದ್ಯರು ರಕ್ತದ ಮಾದರಿ ತೆಗೆದು, ವರದಿಗೆ ಕಾಯದೆ ಕೂಡಲೇ ರಕ್ತನಾಳದ ಮೂಲಕ ಔಷಧಿ ಆರಂಭಿಸಿದರು. ಬಳಿಕ ಗಾಯ ಬಿಚ್ಚಿ ಒಳಗಿನ ಅಂಗಾಂಶವನ್ನು ಕಲ್ಚರ್‌ಗೆ ಕಳುಹಿಸಿದರು. ಮೂರನೆಯ ದಿನ ಬಂದ ವರದಿಯಲ್ಲಿ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಹೆಸರಿತ್ತು. ಹಸಿರು ಬಣ್ಣ ಬಿಡುವುದು ಅದರ ಗುಣ. ನಾವು ತಿಂಗಳ ಹಿಂದೆ ನುಂಗಿಸಿದ ಆ ಎರಡೂ ಮಾತ್ರೆಗಳು ಅದಕ್ಕೆ ನಾಟುವಂಥವೇ ಅಲ್ಲ ಎಂದು ತಿಳಿದಾಗ ನನಗೆ ಮಾತೇ ಹೊರಡಲಿಲ್ಲ.

ಅಕ್ಕ ಉಳಿದಳು. ಗಾಯವನ್ನು ತೆರೆದೇ ಇಟ್ಟು ತಳದಿಂದ ಮಾಯಿಸಬೇಕಾಯಿತು. ಎರಡನೆಯ ಕೀಮೋ ನಾಲ್ಕು ವಾರ ತಡವಾಯಿತು. ಯಾವ ವಿಳಂಬಕ್ಕೆ ಹೆದರಿ ಸುಳ್ಳಾಡಿದ್ದೆನೋ ಅದೇ ಇನ್ನೂ ದೊಡ್ಡದಾಗಿ ಬಂದಿತ್ತು.

ಆದ್ದರಿಂದ ನನ್ನ ವಿನಂತಿ ಇಷ್ಟು. ಗಾಯ ಕೆಂಪಾದರೆ, ದ್ರವದ ಬಣ್ಣ ಅಥವಾ ವಾಸನೆ ಬದಲಾದರೆ, ನೋವು ಇಳಿಯುವ ಬದಲು ಏರಿದರೆ, ಫೋನಿನಲ್ಲೇ ಮುಗಿಸದೆ ಗಾಯವನ್ನು ತೋರಿಸಿ. ರೋಗಿಯ ಸ್ಥಿತಿ ಕಾಯುವಂತಿದ್ದರೆ, ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲೇ ಮಾದರಿ ತೆಗೆಯುವಿರಾ ಎಂದು ಕೇಳಿ. ಔಷಧಿ ಒಳಹೊಕ್ಕ ಮೇಲೆ ತೆಗೆದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೆಯೂ ಹೋಗಬಹುದು. ಹಾಗೆ ಕೇಳುವುದು ವೈದ್ಯರನ್ನು ಅನುಮಾನಿಸಿದಂತಲ್ಲ. ಶಸ್ತ್ರಚಿಕಿತ್ಸೆಯಾದ ಮೂವತ್ತು ದಿನಗಳವರೆಗೆ, ಒಳಗೆ ಕೃತಕ ಸಾಧನ ಇಟ್ಟಿದ್ದರೆ ತೊಂಬತ್ತು ದಿನಗಳವರೆಗೆ, ಗಾಯದ ಮೇಲೆ ಕಣ್ಣಿರಲಿ. ಕೀಮೋ ನಡೆಯುತ್ತಿರುವಾಗ ಪ್ಯಾರಾಸಿಟಮಾಲ್ ಕೊಡುವ ಮುನ್ನ ಥರ್ಮಾಮೀಟರ್ ಇಟ್ಟು ನೋಡಿ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ದಾಟಿದ್ದರೆ, ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿ.