ಏರುಪೇರಿನ ಅಂಕಪಟ್ಟಿ: ಯಾವ ಕಾಲೇಜಿಗೆ ಅರ್ಜಿ ಹಾಕಲಿ?

ಕಾಲೇಜಿನ ಹೆಸರಿಗಿಂತ, ಅದು ನಿಮ್ಮ ಅಂಕಪಟ್ಟಿಯನ್ನು ಹೇಗೆ ಓದುತ್ತದೆ ಎಂಬುದನ್ನು ಮೊದಲು ನೋಡಿ. ಕಟ್‌ಆಫ್ ಕಾಲೇಜಿಗೆ, ಅಂದರೆ ಇಂತಿಷ್ಟು ಅಂಕ ದಾಟಿದವರಿಗಷ್ಟೇ ಸೀಟು ಕೊಡುವ ಕಾಲೇಜಿಗೆ, ಒಟ್ಟು ಸರಾಸರಿಯಷ್ಟೇ ಲೆಕ್ಕ; ಅರ್ಜಿ ಸುಲಭ, ಸೀಟು ಸಿಗುತ್ತದೋ ಇಲ್ಲವೋ ಬಹುಮಟ್ಟಿಗೆ ಮೊದಲೇ ಗೊತ್ತಾಗುತ್ತದೆ. ಪ್ರವೇಶ ಪರೀಕ್ಷೆಗೇ ತೂಕ ಕೊಡುವಲ್ಲಿ ಹಳೆಯ ಕುಸಿತ ಅಷ್ಟಾಗಿ ಕಾಡದು, ಆದರೆ ಎಲ್ಲವೂ ಒಂದೇ ದಿನದ ಮೇಲೆ ನಿಂತಿರುತ್ತದೆ.

ಪೂರ್ತಿ ಅರ್ಜಿ ಓದುವ ಕಾಲೇಜುಗಳು ಪ್ರಬಂಧ, ಶಿಕ್ಷಕರ ಶಿಫಾರಸು ಪತ್ರ ಕೇಳುತ್ತವೆ. ಶ್ರಮ ಜಾಸ್ತಿ. ಆದರೆ ಉದಾಹರಣೆಗೆ ಗಣಿತದಲ್ಲಿ 48ರಿಂದ 81ಕ್ಕೆ ಏರಿದ್ದಕ್ಕೆ ಬೆಲೆ ಸಿಗುವುದು ಅಲ್ಲೇ. ಕುಸಿತಕ್ಕೆ ಕಾರಣ ಎರಡು ಸಾಲಿನಲ್ಲಿ ಬರೆದರೆ ಸಾಕು; ಗೋಳು ತೋಡಿಕೊಳ್ಳಬೇಡಿ.

ಭಾಷೆಯಲ್ಲಿ ಕಡಿಮೆ, ವಿಜ್ಞಾನದಲ್ಲಿ ಹೆಚ್ಚು ಬಂದಿದ್ದರೆ, ಕೋರ್ಸಿಗೆ ಬೇಕಾದ ವಿಷಯಗಳನ್ನಷ್ಟೇ ಎಣಿಸುವ ಕಾಲೇಜು ವಾಸಿ. ಕೊನೆಯ ವರ್ಷವೇ ಕುಸಿದಿದ್ದರೆ? ಆಗ ಕೊನೆಯ ವರ್ಷವನ್ನಷ್ಟೇ ಅಲ್ಲದೆ ಎಲ್ಲ ವರ್ಷಗಳ ಸರಾಸರಿ ನೋಡುವ ಕಾಲೇಜಿದ್ದರೆ ಅದೇ ಕ್ಷೇಮ.