ರಿನ್ಯೂವಲ್ ಬಿಲ್ ಕಟ್ಟಿದ ಮೇಲೆ ಬರೆದ ಹೋಸ್ಟಿಂಗ್ ವಿಮರ್ಶೆ

ಹೋಸ್ಟಿಂಗ್ (ವೆಬ್‌ಸೈಟ್ ಇಡಲು ಬಾಡಿಗೆಗೆ ಸಿಗುವ ಸರ್ವರ್ ಜಾಗ) ಕೊಂಡ ವಾರದಲ್ಲೇ ಐದು ಸ್ಟಾರ್ ಕೊಡುವವರ ಮಾತು ನಂಬಬೇಡಿ. ರಿನ್ಯೂವಲ್ ಬಿಲ್ ಬಂದ ಮೇಲೂ ಅಲ್ಲೇ ಉಳಿದವರನ್ನು ಕೇಳಿ. ನಾನು ಉಳಿದಿದ್ದೇನೆ, ಅರೆಮನಸ್ಸಿನಿಂದ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಮಾವನದು ಜೀನ್ಸ್ ಹೊಲಿಯುವ ಯೂನಿಟ್. ಲೆಕ್ಕಪತ್ರ, ಜಿಎಸ್‌ಟಿ ನೋಡಿಕೊಳ್ಳುವವನು ನಾನು. ಹೊರ ಊರಿನ ಹೋಲ್‌ಸೇಲ್ ವ್ಯಾಪಾರಿಗಳು ‘ಕೊಟೇಶನ್ ಕಂಪನಿ ಹೆಸರಿನ ಮೇಲ್‌ನಿಂದ ಕಳಿಸಿ’ ಅನ್ನತೊಡಗಿದಾಗ ವೆಬ್‌ಸೈಟಿನ ಕೆಲಸವೂ ನನ್ನ ತಲೆಗೇ ಬಿತ್ತು. ಬಿ.ಕಾಂ ಓದಿದವನಿಗೆ ನೇಮ್‌ಸರ್ವರ್ ಯಾವ ಊರು!

ತಗೊಂಡಿದ್ದು ಸಿ-ಪ್ಯಾನೆಲ್ (ಸೈಟ್, ಮೇಲ್ ಸಂಭಾಳಿಸುವ ಪುಟ) ಇರುವ ಶೇರ್ಡ್ ಹೋಸ್ಟಿಂಗ್, ಸರ್ವರ್ ಮುಂಬೈಯಲ್ಲಿ. ‘ಡೊಮೈನ್ ಫ್ರೀ’, ಅಂದರೆ ಸೈಟಿನ ಹೆಸರು ಉಚಿತ ಅನ್ನುವ ಆಫರ್ ಇತ್ತು, ಬಿಟ್ಟೆ. ಡಾಟ್ ಇನ್ ಹೆಸರನ್ನು ಬೇರೆ ಕಂಪನಿಯಲ್ಲಿ ದುಡ್ಡು ಕೊಟ್ಟೇ ತಗೊಂಡೆ. ಹೋಸ್ಟಿಂಗ್ ಬೇಡವಾದರೆ ಬದಲಾಯಿಸಬಹುದು. ಹೆಸರು ಕೈತಪ್ಪಿದರೆ ವಿಸಿಟಿಂಗ್ ಕಾರ್ಡಿನಿಂದ ಹಿಡಿದು ಪ್ಯಾಂಟಿನ ಟ್ಯಾಗ್‌ವರೆಗೆ ಎಲ್ಲ ಹೊಸದು ಮಾಡಿಸಬೇಕು. ಡಾಟ್ ಇನ್ ಹೆಸರುಗಳ ದಾಖಲೆ ಪುಸ್ತಕ (ರಿಜಿಸ್ಟ್ರಿ) ನಿಕ್ಸಿ ಅನ್ನುವ ಸಂಸ್ಥೆಯ ಕೈಲಿದೆ, ನಾವು ಕೊಳ್ಳುವುದು ಅದರ ಮಾನ್ಯತೆ ಪಡೆದ ರಿಜಿಸ್ಟ್ರಾರ್‌ಗಳ ಹತ್ತಿರ. ಖಾತೆ ಮಾಲೀಕರ ಹೆಸರಲ್ಲೇ ಇರಲಿ, ಸೈಟ್ ಮಾಡಿಕೊಟ್ಟ ಹುಡುಗನ ಹೆಸರಲ್ಲಿ ಬೇಡ. ಅಲ್ಲಿ ಕೊಡುವ ಮೇಲ್ ಐಡಿಯೂ ಅದೇ ಡೊಮೈನಿನದು ಆಗಿರಬಾರದು. ಡೊಮೈನ್ ಅವಧಿ ಮುಗಿದು ನಿಂತರೆ ಆ ಮೇಲೂ ನಿಲ್ಲುತ್ತದೆ, ಎಚ್ಚರಿಕೆ ಪತ್ರ ತಲುಪುವುದಾದರೂ ಎಲ್ಲಿಗೆ?

ವೆಬ್‌ಸೈಟಿನ ಬಗ್ಗೆ ದೂರಿಲ್ಲ. ನಾಲ್ಕಾರು ಪುಟ, ಒಂದಿಷ್ಟು ಫೋಟೊ, ಬೇಗ ತೆರೆದುಕೊಳ್ಳುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಎಸ್‌ಎಸ್‌ಎಲ್ (ಸೈಟಿನ ಸಂಪರ್ಕ ಕಾಯುವ ಸರ್ಟಿಫಿಕೇಟ್) 90 ದಿನಕ್ಕೆ ಮುಗಿಯುವಂಥದ್ದು, ಆದರೆ ತಾನಾಗಿಯೇ ನವೀಕರಣ ಆಗುತ್ತಿದೆ. ಅದರ ತಂಟೆಗೆ ನಾನು ಹೋಗಿಲ್ಲ.

ತಲೆನೋವೆಲ್ಲ ಮೇಲ್‌ನದು. ‘ಮೇಲ್ ಬಂದಿಲ್ಲಂತಲ್ಲೋ, ಏನು ಕಳ್ಸೀಯಪ್ಪಾ ನೀನು?’ ಅಂತ ಮಾವ ಫೋನ್ ಮಾಡೋರು. ಮೇಲ್ ಹೋಗಿರುತ್ತಿತ್ತು, ವ್ಯಾಪಾರಿಗಳ ಸ್ಪ್ಯಾಮ್‌ನಲ್ಲಿ ಕೂತಿರುತ್ತಿತ್ತು. 2024ರ ಫೆಬ್ರುವರಿಯಿಂದ ಜಿಮೇಲ್‌ಗೆ ಮೇಲ್ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಇಲ್ಲವೇ ಡಿಕಿಮ್ ಅನ್ನುವ ಗುರುತಿನ ಪುರಾವೆ ಇರಲೇಬೇಕು. ದಿನಕ್ಕೆ 5000ಕ್ಕೂ ಮೇಲೆ ಕಳಿಸುವವರಿಗೆ ಎರಡರ ಜೊತೆ ಡಿಮಾರ್ಕ್ (ಇವು ತಾಳೆಯಾಗದ ಮೇಲ್ ಬಂದರೆ ಏನು ಮಾಡಬೇಕು ಅನ್ನುವ ಸೂಚನೆ) ಕೂಡ. ಎಸ್‌ಪಿಎಫ್ ಅಂದರೆ ನಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ಪಟ್ಟಿ. ಡಿಕಿಮ್ ಪ್ರತಿ ಮೇಲ್ ಮೇಲಿನ ಡಿಜಿಟಲ್ ಸಹಿ. ಸಿ-ಪ್ಯಾನೆಲ್ ಎರಡನ್ನೂ ತಾನೇ ಬರೆದುಕೊಡುತ್ತದೆ, ನಿಜ. ಆದರೆ ನೇಮ್‌ಸರ್ವರ್ (ಡೊಮೈನಿನ ಇಂಥ ಸಾಲುಗಳನ್ನು ಹೊರಗಿನವರಿಗೆ ತೋರಿಸುವ ಸರ್ವರ್) ರಿಜಿಸ್ಟ್ರಾರ್ ಕಡೆ ಇದ್ದರೆ ಸಿ-ಪ್ಯಾನೆಲ್‌ನಲ್ಲಿ ಬರೆದದ್ದನ್ನು ಹೊರಗಿನವರು ಯಾರೂ ಓದುವುದಿಲ್ಲ. ಬೇರೆ ಮನೆಯ ಬಾಗಿಲಿಗೆ ನಮ್ಮ ಬೋರ್ಡ್ ಹಾಕಿದಂತೆ. ಅವೇ ಸಾಲುಗಳನ್ನು ರಿಜಿಸ್ಟ್ರಾರ್ ಪುಟದಲ್ಲಿ ಹಾಕಬೇಕು. ಎಸ್‌ಪಿಎಫ್ ಸಾಲು ಒಂದೇ ಇರಬೇಕು. ಎರಡಿದ್ದರೆ ಎರಡೂ ಕೆಲಸಕ್ಕೆ ಬಾರವು.

ಇಷ್ಟೆಲ್ಲ ಸರಿಮಾಡಿದರೂ ಒಮ್ಮೊಮ್ಮೆ ಮೇಲ್ ವಾಪಸ್ ಬರುತ್ತದೆ. ಶೇರ್ಡ್ ಸರ್ವರ್‌ನಲ್ಲಿ ಐಪಿ ವಿಳಾಸ ನೂರಾರು ಗಿರಾಕಿಗಳಿಗೆ ಒಂದೇ. ಅವರಲ್ಲಿ ಯಾರೋ ಕಸ ಕಳಿಸಿದರೆ ಕಪ್ಪುಪಟ್ಟಿಗೆ ಬೀಳುವುದು ಎಲ್ಲರ ಮೇಲ್ ಕೂಡ. ಬೆಂಬಲದವರನ್ನು ಕೇಳಿದರೆ ಮಧ್ಯರಾತ್ರಿಯೂ ಚಾಟ್‌ನಲ್ಲಿ ಸಿಗುತ್ತಾರೆ, ಅದಕ್ಕೆ ಮೆಚ್ಚುಗೆ ಇದೆ. ಉತ್ತರ ಮಾತ್ರ ‘ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ ನೋಡಿ ಸರ್’. ಕನ್ನಡ ಅಂತೂ ಇಲ್ಲವೇ ಇಲ್ಲ.

ಕೊನೆಗೆ ಮೇಲ್ ಅನ್ನು ಪ್ರತ್ಯೇಕ ಸೇವೆಗೆ ಸಾಗಿಸಿದೆ, ಐಡಿಗೊಂದು ಬಾಡಿಗೆ. ಎಂಎಕ್ಸ್ ದಾಖಲೆ (ನಮಗೆ ಬರುವ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅನ್ನುವ ಸಾಲು) ಬದಲಿಸಿದರೆ ಮುಗೀತು ಅನ್ನುತ್ತಾರೆ, ಮುಗಿಯುವುದಿಲ್ಲ. ಸಿ-ಪ್ಯಾನೆಲ್‌ನ ಇಮೇಲ್ ರೂಟಿಂಗ್‌ನಲ್ಲಿ ‘ರಿಮೋಟ್’ ಅಂತ ಆರಿಸಬೇಕು. ಇಲ್ಲದಿದ್ದರೆ ಸೈಟಿನ ವಿಚಾರಣೆ ಫಾರ್ಮ್‌ನಿಂದ ನಮ್ಮದೇ ಐಡಿಗೆ ಬರುವ ಪತ್ರಗಳು ಹಳೆಯ ಡಬ್ಬಿಯಲ್ಲೇ ಬೀಳುತ್ತಿರುತ್ತವೆ, ಯಾರಿಗೂ ಸುಳಿವು ಸಿಗುವುದಿಲ್ಲ. ಎಸ್‌ಪಿಎಫ್‌ನಲ್ಲೂ ಹೊಸ ಸೇವೆಯ ಹೆಸರು ಸೇರಿಸಬೇಕು. ಆಮೇಲೆ ಮಾವನ ಫೋನ್ ನಿಂತಿದೆ. ಅಂದರೆ ಈ ವಿಷಯಕ್ಕೆ.

ಇನ್ನು ದುಡ್ಡು. ಮೊದಲ ಅವಧಿಯ ದರ ನೋಡಿ ಮರುಳಾಗಬೇಡಿ, ನವೀಕರಣ ಹೆಚ್ಚುಕಡಿಮೆ ಮೂರು ಪಟ್ಟು. ಮೇಲೆ 18% ಜಿಎಸ್‌ಟಿ. ನೋಂದಣಿ ಇದ್ದವರು ಬಿಲ್‌ನಲ್ಲಿ ಜಿಎಸ್‌ಟಿ ಸಂಖ್ಯೆ ಹಾಕಿಸಿ, ಇನ್‌ಪುಟ್ ಕ್ರೆಡಿಟ್ (ಇಲ್ಲಿ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಅವಕಾಶ) ಸಿಗುತ್ತದೆ. ‘ಅನ್‌ಲಿಮಿಟೆಡ್’ ಅಂದದ್ದಕ್ಕೂ ಫೈಲುಗಳ ಸಂಖ್ಯೆಗೆ ಮಿತಿ ಇರುತ್ತದೆ, ಷರತ್ತುಗಳ ಪುಟದಲ್ಲಿ ಹುಡುಕಿದರೆ ಕಾಣುತ್ತದೆ.

ವೆಬ್‌ಸೈಟಿಗೆ 5ರಲ್ಲಿ 4, ಮೇಲ್‌ಗೆ 2. ಈ ಸಲ ಹೋಸ್ಟಿಂಗ್‌ಗೆ ಒಂದೇ ವರ್ಷದ ದುಡ್ಡು ಕಟ್ಟಿದ್ದೇನೆ, ಡೊಮೈನ್‌ಗೆ ಐದು ವರ್ಷದ್ದು.