ಹೈಡ್ರೋಜನ್ ಜನರೇಟರ್: ಬೈಕಂಪಾಡಿಯ ಲ್ಯಾಬಿನಲ್ಲಿ ಕೆಲವು ವರ್ಷ ಬಳಸಿದ ಮೇಲೆ

ನಮ್ಮದು ಮಂಗಳೂರಿನ ಬೈಕಂಪಾಡಿಯಲ್ಲಿ ಖಾದ್ಯ ತೈಲ ಪರೀಕ್ಷಿಸುವ ಸಣ್ಣ ಲ್ಯಾಬ್. ಎಣ್ಣೆಯ ಅಂಶಗಳನ್ನು ಬೇರ್ಪಡಿಸುವ ಯಂತ್ರ ಜಿಸಿ (ಗ್ಯಾಸ್ ಕ್ರೊಮ್ಯಾಟೋಗ್ರಾಫ್), ಅವನ್ನು ಜ್ವಾಲೆಯಲ್ಲಿ ಸುಟ್ಟು ಅಳೆಯುವ ಅದರ ಡಿಟೆಕ್ಟರ್ ಎಫ್‌ಐಡಿ. ಈ ಜ್ವಾಲೆಗೆ ಹೈಡ್ರೋಜನ್ ಬೇಕೇ ಬೇಕು. ಸಿಲಿಂಡರ್ ಬಿಟ್ಟು ಜನರೇಟರ್ ತಗೊಂಡು ಕೆಲವು ವರ್ಷವಾಯಿತು. ಮತ್ತೆ ಸಿಲಿಂಡರಿಗೆ ಹೋಗುವ ಮಾತೇ ಇಲ್ಲ. ದೊಡ್ಡ ಸಿಲಿಂಡರಿನಲ್ಲಿ 150 ಬಾರ್ ಒತ್ತಡದಲ್ಲಿ ಸುಮಾರು 7,000 ಲೀಟರ್ ಗ್ಯಾಸ್ ಇರುತ್ತದೆ. ಜನರೇಟರ್ ನೀರಿನಿಂದ ಬೇಕಾದಷ್ಟೇ ತಯಾರಿಸುತ್ತದೆ, ಒಳಗೆ ಉಳಿಯುವುದು ತೀರಾ ಕಡಿಮೆ.

ಆದರೆ "ಲೀಕ್ ಆದರೆ ತಾನೇ ಆಫ್ ಆಗುತ್ತೆ" ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ನಮ್ಮ ಯಂತ್ರ ನಿಮಿಷಕ್ಕೆ 500 ಮಿ.ಲೀ. ಕೊಡಬಲ್ಲದು. ಎಫ್‌ಐಡಿಗೆ ಸಾಕಾಗುವುದು 30-40. ಮಧ್ಯೆ ಎಲ್ಲೋ 200 ಮಿ.ಲೀ. ಸೋರಿದರೂ ಒತ್ತಡ ಇಳಿಯುವುದಿಲ್ಲ, ಅಲಾರಂ ಕೂಗುವುದಿಲ್ಲ. ಜಿಸಿಯೊಳಗಿನ ಬಿಸಿ ಪೆಟ್ಟಿಗೆ, ಅಂದರೆ ಓವನ್, ಸುಮಾರು 14 ಲೀಟರ್. ಗಾಳಿಯಲ್ಲಿ 4% ಹೈಡ್ರೋಜನ್ ಸೇರಿದರೆ ಹೊತ್ತಿಕೊಳ್ಳಬಹುದು. ಗಾಳಿ ಆಡದಿದ್ದರೆ ಓವನ್ ಆ ಮಟ್ಟಕ್ಕೆ ಬರಲು ಮೂರು ನಿಮಿಷ ಸಾಕು! ಹಾಗಾಗಿ ಡಿಸ್‌ಪ್ಲೇಯಲ್ಲಿ ಫ್ಲೋ ಎಷ್ಟಿದೆ ಎಂದು ದಿನಾ ಬರೆದಿಡಿ. ಸುಮ್ನೆ ಜಾಸ್ತಿ ತೋರಿಸಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಕಾಲಂ (ಓವನ್ ಒಳಗೆ ಸ್ಯಾಂಪಲ್ ಹಾದುಹೋಗುವ ಕೊಳವೆ) ಬಿಚ್ಚುವಾಗ ಎಚ್ಚರ ಬೇಕು. ಡಿಟೆಕ್ಟರ್ ತುದಿ ತೆರೆದಿದ್ದು ಹೈಡ್ರೋಜನ್ ಆನ್ ಇದ್ದರೆ ಗ್ಯಾಸ್ ನೇರ ಓವನ್‌ಗೆ ಇಳಿಯುತ್ತದೆ. ಮೊದಲು ವಾಲ್ವ್ ಬಂದ್ ಮಾಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಇಲ್ಲಿ ಗುಡುಗು-ಸಿಡಿಲಿನ ಕಾಲದಲ್ಲಿ ಕರೆಂಟ್ ಹೋಗಿ ಬರುವುದು ಮಾಮೂಲು. ಜ್ವಾಲೆ ಆರುತ್ತದೆ, ಜನರೇಟರ್ ಮತ್ತೆ ಶುರುವಾಗುತ್ತದೆ. ಹೊಸ ಜಿಸಿಗಳು ಜ್ವಾಲೆ ಹೊತ್ತದಿದ್ದರೆ ಗ್ಯಾಸ್ ನಿಲ್ಲಿಸುತ್ತವೆ, ನಮ್ಮ ಹಳೆಯದು ನಿಲ್ಲಿಸುವುದಿಲ್ಲ. ಈ ಜ್ವಾಲೆ ಕಣ್ಣಿಗೆ ಕಾಣುವುದೂ ಇಲ್ಲ. ಎಫ್‌ಐಡಿಯ ಬಾಯಿ ಮೇಲೆ ತಣ್ಣನೆಯ ಹೊಳಪಿನ ಸ್ಪ್ಯಾನರ್ ಹಿಡಿಯಿರಿ, ಮಂಜು ಕಟ್ಟಿದರೆ ಉರಿಯುತ್ತಿದೆ. ಕಟ್ಟದಿದ್ದರೆ ಪದೇ ಪದೇ ಇಗ್ನೈಟ್ ಒತ್ತಬೇಡಿ, ಗ್ಯಾಸ್ ಬಂದ್ ಮಾಡಿ.

ಹೈಡ್ರೋಜನ್ ಸೋರಿಕೆ ತಿಳಿಸುವ ಸೆನ್ಸರ್ ಬೇರೆಯಾಗಿ ಕೊಳ್ಳಿ, ಸೀಲಿಂಗಿನ ಹತ್ತಿರ ಹಾಕಿಸಿ. ಎಲ್‌ಪಿಜಿ ನೆಲದ ಕಡೆ ಇಳಿಯುತ್ತದೆ, ಹೈಡ್ರೋಜನ್ ಗಾಳಿಗಿಂತ 14 ಪಟ್ಟು ಹಗುರ, ಮೇಲೇರುತ್ತದೆ. ಕೋಣೆ ಏಸಿಗಾಗಿ ಮುಚ್ಚಿಟ್ಟಿದ್ದರೆ ಇದು ಇನ್ನೂ ಮುಖ್ಯ, ಅಲ್ವಾ? ಕಡಲ ಗಾಳಿಗೆ ಫಿಟ್ಟಿಂಗ್‌ಗಳೂ ತುಕ್ಕು ಹಿಡಿಯುತ್ತವೆ, ಎಲೆಕ್ಟ್ರಾನಿಕ್ ಲೀಕ್ ಡಿಟೆಕ್ಟರಿನಿಂದ ನೋಡಿ. ಕಾಲಂ ಹತ್ತಿರ ಸೋಪು ನೀರು ಬೇಡ, ಒಳಗೆ ಹೋದರೆ ಕಾಲಂ ಹಾಳು.

ಬೇಸರ ಇರುವುದು ಸರ್ವಿಸ್ ಬಗ್ಗೆ. ಇಂಜಿನಿಯರ್ ಬೆಂಗಳೂರಿನಿಂದಲೇ ಬರಬೇಕು, ಅಷ್ಟರಲ್ಲಿ ಸ್ಯಾಂಪಲ್‌ಗಳು ರಾಶಿ ಬೀಳುತ್ತವೆ. ಕೊಳ್ಳುವ ಮೊದಲು ಊರಲ್ಲೇ ಯಾರಾದರೂ ಇದ್ದಾರಾ ಕೇಳಿ. ಜನರೇಟರಿಗೆ ಡೀಅಯಾನೈಸ್ಡ್ (ಲವಣಾಂಶ ತೆಗೆದ) ನೀರು ಬಿಟ್ಟು ಬೇರೆ ಏನನ್ನೂ ಹಾಕಬೇಡಿ.